ಎರಡು ವಾರದ ಗಾಳಿಗುಳ್ಳೆ

ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿ, ಗದ್ದಕ್ಕೆ ಬಟ್ಟೆ ಕಟ್ಟಲು ಮುಖ ಮೇಲೆತ್ತುತ್ತಿದ್ದಾಗ ಹಂಪಮ್ಮ ಓಡಿಬಂದು, “ತಲಿ ಎತ್ತಬ್ಯಾಡ್ರಿ” ಎಂದಳು.

ಎತ್ತುತ್ತಿದ್ದವರ ಕೈ ಅಲ್ಲೇ ನಿಂತಿತು. ಒಂಬತ್ತು ದಿನದ ರೂಢಿ, ಗಂಡ ಸತ್ತ ಮೇಲೂ ಬಾಯಿಗೆ ಬಂದುಬಿಟ್ಟಿತ್ತು. ಪಟಾನ್‌ಚೆರುವಿನ ಆ ಬಾಡಿಗೆ ಮನೆಯ ಅಂಗಳದಲ್ಲಿ ಯಾರಿಗೂ ಅದು ರೂಢಿಯ ಮಾತಾಗಿ ಕೇಳಿಸಲಿಲ್ಲ.

ಸುದ್ದಿ ತಿಳಿದು ಹುಮನಾಬಾದಿನಿಂದ ಬಂದಿದ್ದ ಅಕ್ಕ ಶಿವದೇವಿ, ವಿಭೂತಿ ಹಚ್ಚುವ ನೆಪದಲ್ಲಿ ತಮ್ಮ ಸಿದ್ದರಾಮಪ್ಪನ ಮುಖ ಸವರಿದಳು. ಹಣೆಯಿಂದ ಕೆನ್ನೆಯವರೆಗೆ ಉಂಗುರದಂತೆ ಕೆಂಪು ಗೆರೆ. ಬೋರಲು ಮಲಗಿದ್ದಲ್ಲೇ ಜೀವ ಹೋಗಿತ್ತಂತೆ. ಹೃದಯ ನಿಂತಿದೆ ಎಂದು ಓಣಿಯ ಡಾಕ್ಟರು ಬರೆದುಕೊಟ್ಟಿದ್ದರು. ಶಿವದೇವಿ ನಂಬಲಿಲ್ಲ. ಪಕ್ಕದ ಮನೆಯ ಹುಸೇನಮ್ಮನನ್ನು ಕೇಳಿದರೆ, ಪಾಪ, ಒಳ್ಳೆಯ ಮನಸ್ಸಿನಿಂದಲೇ, ತಲೆ ಎತ್ತಬೇಡ ಎಂದು ಹಂಪಮ್ಮ ದಿನವಿಡೀ ಗದರುವುದು ಕೇಳುತ್ತಿತ್ತು ಎಂದಳು. ಅದು ಇನ್ನಷ್ಟು ಕೆಡಿಸಿತು.

“ನನ್ನ ತಮ್ಮನ ಮಾರಿ ಯಾರು ಒತ್ತಿ ಹಿಡಿದಿದ್ರು, ನಿಜ ಹೇಳು. ಇಲ್ಲಾಂದ್ರ ಪೊಲೀಸರು ಬರೋತನಕ ಮಣ್ಣು ಮಾಡಾಕ ಬಿಡಂಗಿಲ್ಲ.”

* * *

ಅನುಮಾನ ಆ ಮನೆಗೆ ಹೊಸದಲ್ಲ. ಸಿದ್ದರಾಮಪ್ಪನಿಗೆ ಅದಕ್ಕೇ ಸಂಬಳ. ಔಷಧ ಕಾರ್ಖಾನೆಯಲ್ಲಿ ಇಂಜೆಕ್ಷನ್ ಬಾಟಲಿಗಳನ್ನು ದೀಪದೆದುರು ಹಿಡಿದು ಕಸ ಹುಡುಕುವ ಕೆಲಸ, ಇಪ್ಪತ್ತು ವರ್ಷದಿಂದ. ಒಂದು ದಿನ ಎಲ್ಲ ಬಾಟಲಿಯಲ್ಲೂ ಕಪ್ಪು ಚುಕ್ಕಿಗಳು ತೇಲಿದವು. ವಾರವೆಲ್ಲ ಒಳ್ಳೆಯ ಮಾಲನ್ನೇ ಪಕ್ಕಕ್ಕಿಟ್ಟ. ನೀರನ್ನು, ಗಾಜನ್ನು, ತೊಳೆಯುವವರನ್ನು ಸಂಶಯಿಸಿದ; ತನ್ನ ಕಣ್ಣನ್ನು ಮಾತ್ರ ಸಂಶಯಿಸಲಿಲ್ಲ. ಅಷ್ಟರಲ್ಲಿ ಬಲಗಣ್ಣಿನ ಒಳಪರದೆ ಕಳಚಿತ್ತು.

ಆಪರೇಶನ್ ಮಾಡಿ ಕಣ್ಣೊಳಗೆ ಗ್ಯಾಸಿನ ಗುಳ್ಳೆ ಬಿಡಬೇಕು, ಬೋರಲಾಗಿದ್ದರೆ ಅದು ಮೇಲೇರಿ ಹಿಂಬದಿಯ ಪರದೆಯನ್ನು ಒತ್ತಿ ಹಿಡಿಯುತ್ತದೆ ಎಂದರು ಕಣ್ಣಿನ ಡಾಕ್ಟರು. ಒಂದು ಗ್ಯಾಸು ಎರಡು ವಾರದಲ್ಲಿ ಕರಗುತ್ತದೆ, ಇನ್ನೊಂದು ಎರಡು ತಿಂಗಳು ಇರುತ್ತದೆ. ಯಾವುದಾದರೂ ಮೊದಲ ಹತ್ತು ದಿನ ಬೋರಲಾಗಿಯೇ ಇರಬೇಕು. ಎತ್ತರಕ್ಕೆ ಹೋದರೆ ಗ್ಯಾಸು ಹಿಗ್ಗುತ್ತದೆ, ಕರಗುವತನಕ ವಿಮಾನ ಹತ್ತಬಾರದು. ನಾನು ವಿಮಾನ ಹತ್ತುತ್ತೇನೆಂದು ನಿಮಗೆ ಯಾರು ಹೇಳಿದರು ಎಂದು ಸಿದ್ದರಾಮಪ್ಪ ಅವರನ್ನೇ ಕೇಳಿದ.

ಹೆಚ್ಚು ದಿನದ್ದೇ ಗಟ್ಟಿ ಎಂದು ಹಂಪಮ್ಮ ವಾದಿಸಿದಳು. ಗುಳ್ಳೆ ಇರುವತನಕ ಆ ಕಣ್ಣು ಸರಿಯಾಗಿ ಕಾಣದು, ಎರಡು ತಿಂಗಳು ಕೆಲಸ ಬಿಟ್ಟರೆ ತನ್ನ ಜಾಗದಲ್ಲಿ ಬೇರೆಯವರನ್ನು ಕೂರಿಸುತ್ತಾರೆ ಎಂದು ಅವನ ಗುಮಾನಿ. ಈ ಕಣ್ಣಿಗೆ ಎರಡೂ ನಡೆಯುತ್ತದೆ ಎಂದು ಡಾಕ್ಟರು ಹೇಳಿದ ಮೇಲೆ ಎರಡು ವಾರದ್ದನ್ನೇ ಹಾಕಿಸಿಕೊಂಡ.

* * *

ಆಪರೇಶನ್ನಿನ ವಿಷಯ ಊರಿಗೆ ತಿಳಿಸಿರಲಿಲ್ಲ; ಹಂಪಮ್ಮ ಈಗ ಇದನ್ನೆಲ್ಲ ಹೇಳಿದಳು. ಕಣ್ಣೊಳಗೆ ಗಾಳಿ ಎಂಬುದೇ ಶಿವದೇವಿಗೆ ಕಟ್ಟುಕಥೆಯಾಗಿ ಕೇಳಿಸಿತು.

“ಒಂಬತ್ತು ದಿನ ಯಾರರ ಬೋರಲು ಬೀಳ್ತಾರೇನು?”

ಹಂಪಮ್ಮನಿಗೆ ಸಿಟ್ಟೂ ಬಂತು, ಅಳುವೂ ಬಂತು. ಶಿವದೇವಿಯ ಕೈ ಹಿಡಿದು ಒಳಗೆ ಎಳೆದೊಯ್ದಳು. ಮಂಚದಲ್ಲಿ ತಲೆ ಇಡುವ ಕಡೆಯ ಹಲಗೆಯಲ್ಲಿ ದುಂಡಗೆ ತೂತು ಕೊಯ್ಯಿಸಿದ್ದರು. ಅದರ ಮೇಲೆ ನಡುವೆ ತೂತಿದ್ದ ದಿಂಬು.

“ಇದರಾಗ ಮಾರಿ ಇಡ್ರಿ, ಅಕ್ಕಾರ.”

ಶಿವದೇವಿ ಸಂಶಯದಿಂದಲೇ ಮಲಗಿ ಮುಖವಿಟ್ಟಳು. ದಿಂಬಿನ ಅಂಚು ಹಣೆಗೂ ಕೆನ್ನೆಗೂ ಒತ್ತಿತು. ಕೆಳಗೆ ಬರೀ ನೆಲ. ಆ ನೆಲಕ್ಕೆ ಹಂಪಮ್ಮ ತೆವಳಿ ಬಂದು ಅಂಗಾತ ಮಲಗಿದಳು. ಇಬ್ಬರ ಮುಖಗಳು ಒಂದು ಮೊಳದಲ್ಲಿ ಎದುರುಬದುರಾದವು.

“ನಾ ಇಲ್ಲೇ ಇರ್ತಿದ್ದೆ. ಎದ್ದರ ಎಲ್ಲಿ ಹೋದಿ ಅಂತ ಅವರಿಗೆ ಭಾಳ ಸಂಶೆ. ಇವತ್ತ ಮುಂಜಾನಿ ಇಲ್ಲಿಂದನ ಕರದೆ, ಓ ಅನ್ಲಿಲ್ಲ.”

ಅಂಗಳದಿಂದ ಗಂಡಸರು ಏನು ಮಾಡೋಣ ಎಂದು ಕೂಗಿ ಕೇಳಿದರು. ಶಿವದೇವಿಯ ಕಣ್ಣಿನ ಹನಿಗಳು ತೂತಿನಿಂದ ನೇರ ಇಳಿದು ಹಂಪಮ್ಮನ ಮುಖದ ಮೇಲೆ ಬೀಳುತ್ತಿದ್ದವು. ಹಂಪಮ್ಮ ಒರೆಸಿಕೊಳ್ಳದೆ ಮೇಲಕ್ಕೇ ನೋಡುತ್ತ ಮಲಗಿದ್ದಳು.