ಬೊಚ್ಚು ಬಾಯಿಯ ಮೆಟ್ಟಿಲು

"ಕಾಲಿಡೋಕೆ ಬರದವರಿಗೆ ಮೆಟ್ಟಿಲು ಏನು ಮಾಡುತ್ತೆ? ಸೊಂಟ ಹಿಡಿದು ಎತ್ತಿ ಸೀಟಲ್ಲಿ ಕೂರಿಸಬೇಕಾ?"

"ಬಾಯಿ ಮುಚ್ಚೋ! ಇಷ್ಟು ವರ್ಷ ಲಾರಿ ಓಡಿಸಿದೀನಿ, ಒಂದು ದಿನ ಜಾರಿದವಳಲ್ಲ. ನನ್ನ ಬೀಳಿಸಿದ್ದು ನಿನ್ನ ಮೆಟ್ಟಿಲು!"

ಬೆಳಗ್ಗೆ ಶೆಡ್ಡಿನ ಬಾಗಿಲು ತೆಗೆದು ಇನ್ನೂ ಕಸ ಗುಡಿಸಿರಲಿಲ್ಲ, ಅಷ್ಟರಲ್ಲೇ ಅಕ್ಕ ತಮ್ಮ ಶುರು ಹಚ್ಚಿಕೊಂಡಿದ್ದರು. ಅಕ್ಕ ಟ್ರೈಲರ್ ಲಾರಿಯ ಡ್ರೈವರು. ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ತಮ್ಮ ಶೆಡ್ಡಿನ ಮೇಸ್ತ್ರಿ, ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವನು. ತನ್ನ ಕೋಪಕ್ಕೆ ಊರೇ ನಡುಗುತ್ತದೆ ಎಂದು ಅವನ ನಂಬಿಕೆ. ನಡುಗಿದ್ದನ್ನು ಕಂಡವರು ಮಾತ್ರ ಯಾರೂ ಇರಲಿಲ್ಲ.

ಜಗಳ ಡೀಸೆಲ್ ಟ್ಯಾಂಕಿನ ಮೆಟ್ಟಿಲಿನದು. ಆ ಲಾರಿಯಲ್ಲಿ ಟ್ಯಾಂಕು ಕ್ಯಾಬಿನ್ ಬಾಗಿಲಿನ ಕೆಳಗೇ ಇತ್ತು. ಅಲ್ಲಿ ಕಾಲಿಟ್ಟೇ ಹತ್ತಬೇಕು. ಮೆಟ್ಟಿಲು ಆರಿಸುವಾಗ ಮೇಸ್ತ್ರಿ ಕನ್ನಡಿಯ ಹಾಗೆ ಹೊಳೆಯುವ ನುಣುಪಾದ ಹಲಗೆಯೇ ಆಗಬೇಕೆಂದು ಹಟ ಹಿಡಿದಿದ್ದ. ಅಕ್ಕ ಕೇಳಲಿಲ್ಲ. "ನಾನು ಹತ್ತೋದು ಮುಖ ನೋಡ್ಕೊಳ್ಳೋಕಲ್ಲ. ಎಣ್ಣೆ ಕಾಲನ್ನೂ ಕಚ್ಚಿ ಹಿಡಿಯೋ ಹಲ್ಲಿರೋದು ಕೊಡು" ಎಂದಿದ್ದಳು. ಅವನು ಗೊಣಗುತ್ತಲೇ ತಂದ. ಕೂರಿಸಿದ್ದು ಮಾತ್ರ ಯಾರೂ ಬೆರಳು ತೋರಿಸದ ಹಾಗೆ. ಮೆಟ್ಟಿಲು ಹಿಡಿದಿಡಲು ಟ್ಯಾಂಕಿನ ಸುತ್ತ ಕಬ್ಬಿಣದ ಪಟ್ಟಿ, ಪಟ್ಟಿಯ ಕೆಳಗೆ ಟ್ಯಾಂಕು ಸವೆಯದ ಹಾಗೆ ರಬ್ಬರು, ಎತ್ತರ ಅಕ್ಕನ ಮೊಣಕಾಲಿಗೆ ತಕ್ಕಂತೆ. ಮೊದಲ ಓಟಕ್ಕೆ ರಬ್ಬರು ತಗ್ಗಿ ಪಟ್ಟಿ ಸಡಿಲವಾಗುತ್ತದೆಂದು, ಲಾರಿ ತಿರುಗಿ ಬಂದಾಗ ಬೋಲ್ಟುಗಳನ್ನು ಮತ್ತೆ ಬಿಗಿದಿದ್ದ.

ಕೆಟ್ಟಿದ್ದು ಆಮೇಲೆ. ತನ್ನ ಕೆಲಸದ ಮೇಲೆ ತುಕ್ಕಿನ ಚುಕ್ಕೆ ಕಂಡರೆ ಮೇಸ್ತ್ರಿಗೆ ಯಾರೋ ಕೆನ್ನೆಗೆ ಹೊಡೆದ ಹಾಗಾಗುತ್ತಿತ್ತು. ಲಾರಿ ಬಂದಾಗಲೆಲ್ಲ, ಅಕ್ಕ ಟೀ ಕುಡಿಯುವಷ್ಟರಲ್ಲಿ ಹೊಳಪಿನ ಕರಿ ಬಣ್ಣ ಬಳಿದುಬಿಡುತ್ತಿದ್ದ. ಅದರ ಮೇಲೊಂದು, ಅದರ ಮೇಲಿನ್ನೊಂದು. ಹಲ್ಲಿನ ಸಂದಿಗಳೆಲ್ಲ ತುಂಬಿ ಮೆಟ್ಟಿಲಿನ ಬಾಯಿ ಬೊಚ್ಚಾಗಿತ್ತು. ಅಂತೂ ಅಕ್ಕ ಬೇಡವೆಂದ ಕನ್ನಡಿಯನ್ನೇ ತನಗೂ ಗೊತ್ತಾಗದ ಹಾಗೆ ಮಾಡಿ ಮುಗಿಸಿದ್ದ.

"ಬಣ್ಣ ಕೆರೆದು ಹಲ್ಲು ಬಿಡಿಸಿ ಕೊಡು. ತಪ್ಪಾಯ್ತು ಅನ್ನು. ಅಷ್ಟು ಸಾಕು" ಎಂದಳು ಅಕ್ಕ. "ಇಲ್ದಿದ್ರೆ ನೀನು ಕೈಯಿಟ್ಟ ಲಾರಿ ನಾನು ಹತ್ತಲ್ಲ."

ಒಂದೇ ಮಾತು. ಆಡಿದ್ದರೆ ಮುಗಿಯುತ್ತಿತ್ತು. ಆದರೆ ಮೂಲೆಯಲ್ಲಿ ವೆಲ್ಡರ್ ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿದ್ದ.

"ಜಾರುತ್ತಂತೆ, ಜಾರುತ್ತೆ! ನೋಡಿಲ್ಲಿ!" ಮೇಸ್ತ್ರಿ ಎದೆಯುಬ್ಬಿಸಿ, ಹಿಡಿಕೆಯನ್ನೂ ಹಿಡಿಯದೆ ಮೆಟ್ಟಿಲ ಮೇಲೆ ಕಾಲಿಟ್ಟ. ಚಪ್ಪಲಿಯ ಅಡಿಗೆ ಶೆಡ್ಡಿನ ಎಣ್ಣೆ ಮೆತ್ತಿಕೊಂಡಿತ್ತು. ಮುಂದಿನ ಕ್ಷಣ ಅವನು ನೆಲದ ಮೇಲೆ ಕೂತು ಲಾರಿಯ ಹೊಟ್ಟೆ ನೋಡುತ್ತಿದ್ದ.

ವೆಲ್ಡರ್ ಸರಕ್ಕನೆ ಮುಖವಾಡ ಎಳೆದುಕೊಂಡ. ವೆಲ್ಡಿಂಗ್ ಏನೂ ನಡೆಯುತ್ತಿರಲಿಲ್ಲ. ಮುಖವಾಡ ಮಾತ್ರ ಕುಲುಕುತ್ತಿತ್ತು.

ಅಕ್ಕ ನಗಲಿಲ್ಲ. ಕುಂಟಿಕೊಂಡು ಬಂದು ಕೈ ಚಾಚಿದಳು. "ಪೆಟ್ಟಾಯ್ತೇನೋ?"

ಆ ಕೈ ಹಿಡಿದಿದ್ದರೂ ಸಾಕಿತ್ತು. ಮೇಸ್ತ್ರಿಯ ಮೈಗಿಂತ ಮೊದಲು ನಾಲಿಗೆ ಎದ್ದಿತು. "ಬೇಕಂತಲೇ ಬಿದ್ದೆ! ನೀನು ಹೆಂಗೆ ಬಿದ್ದೆ ಅಂತ ತೋರಿಸೋಕೆ!"

ಅಕ್ಕ ಕೈ ಹಿಂದಕ್ಕೆ ತೆಗೆದುಕೊಂಡಳು. ಲಾರಿಯ ಕೀಲಿಯನ್ನು ಗೋಡೆಯ ಮೊಳೆಗೆ ನೇತುಹಾಕಿ, ಕುಂಟುತ್ತ ಹೊರಗೆ ನಡೆದಳು.

"ಹೋಗ್ತಾಳೆ ಎಲ್ಲಿಗೆ, ಲಾರಿ ಇಲ್ಲೇ ಇದೆಯಲ್ಲ" ಎಂದು ವೆಲ್ಡರನಿಗೆ ಕೇಳುವ ಹಾಗೆ ಹೇಳಿ, ಮೇಸ್ತ್ರಿ ಉಳಿಯನ್ನೂ ತಂತಿ ಬ್ರಷ್ಷನ್ನೂ ಹಿಡಿದು ಕೂತ. ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದು ಬಂತು. ಊಟಕ್ಕೂ ಏಳಲಿಲ್ಲ. ಸಂಜೆಯ ಹೊತ್ತಿಗೆ ಹಲ್ಲುಗಳೆಲ್ಲ ಹೊರಗೆ ಬಂದಿದ್ದವು. ಅಂಗೈ ಒತ್ತಿ ನೋಡಿದ, ಕಚ್ಚಿತು. "ತಪ್ಪಾಯ್ತು ಅಕ್ಕ" ಎಂದು ಲಾರಿಯ ಚಕ್ರಕ್ಕೆ ಹೇಳಿ ಅಭ್ಯಾಸ ಮಾಡಿಕೊಂಡ. ಚಕ್ರದ ಮುಂದೆ ಎಷ್ಟು ಸಲೀಸಾಗಿ ಬರುತ್ತಿತ್ತು ಹಾಳಾದ ಮಾತು!

ಬಾಗಿಲಲ್ಲಿ ಹೆಜ್ಜೆ ಸಪ್ಪಳವಾಯಿತು. "ತಪ್ಪಾಯ್ತು!" ಎನ್ನುತ್ತ ತಿರುಗಿದ.

ನಿಂತಿದ್ದವನು ಬೇರೆ ಡ್ರೈವರು. "ನಂಗ್ಯಾಕೆ ಮೇಸ್ತ್ರಿ ತಪ್ಪಾಯ್ತು ಅಂತೀರಾ? ನಿಮ್ಮಕ್ಕ ಮಾಲೀಕರನ್ನ ಕೇಳಿ ನನ್ನ ಲಾರಿ ತಗೊಂಡು ಮಧ್ಯಾಹ್ನವೇ ಹೊರಟ್ರು. ಇನ್ಮೇಲೆ ಇದು ನಂದು" ಎಂದು ಕೀಲಿ ತೆಗೆದುಕೊಂಡು ದಡದಡ ಹತ್ತಿದ. "ಅಬ್ಬಾ, ಏನು ಹಿಡಿತ! ಯಾರು ಆರಿಸಿದ್ದು ಈ ಮೆಟ್ಟಿಲು?"

"ನಮ್ಮಕ್ಕ" ಎಂದ ಮೇಸ್ತ್ರಿ. ಅಷ್ಟರಲ್ಲಿ ಇಂಜಿನ್ ಗುಡುಗಿತು; ಜೀವಮಾನದಲ್ಲಿ ಅವನು ಮೆತ್ತಗೆ ಆಡಿದ ಒಂದೇ ಒಂದು ಮಾತು ಯಾರ ಕಿವಿಗೂ ಬೀಳಲಿಲ್ಲ.

ಅಕ್ಕ ಮತ್ತೆ ಆ ಶೆಡ್ಡಿನ ಕಡೆ ತಲೆ ಹಾಕಿಯೂ ಮಲಗಲಿಲ್ಲ.