ಓಟದ ಗಾಡಿಗೆ ಜೀಪಿನ ಚಕ್ರ

"ಮುಚ್ಚಲಾ ಬಾಯಿ! ಚಕ್ರ ಕೊಳ್ಳಾಕೆ ಬಂದಿರೋನು ನಾನು. ಎತ್ತು ನಂದು, ಗಾಡಿ ನಂದು, ನೀನು ಬಂದ ಬಸ್ ಚಾರ್ಜೂ ನಂದು. ಇದ್ರಲ್ಲಿ ನಿಂದೇನ್ಲಾ ಐತೆ?"

"ಸೋಲೋದು ನಂದು ಬುದ್ಧಿ," ಎಂದ ಅಂಕಯ್ಯ. "ಗೆದ್ರೆ ಚನ್ನಬಸವಣ್ಣೋರ ಎತ್ತು ಗೆದ್ವು ಅಂತಾರೆ. ಸೋತ್ರೆ ಅಂಕ ಸೋತ ಅಂತಾರೆ. ಹಗ್ಗ ಹಿಡಿಯೋನು ನಾನು ಕಣ್ ಬುದ್ಧಿ. ಆ ರಬ್ಬರ್ ಕಟ್ಟಿದ ಗಾಡಿ ಮ್ಯಾಲೆ ನಾನು ಕೂರಾಕಿಲ್ಲ."

"ಕೂರ್ದೆ ಇದ್ರೆ ನಿಂತ್ಕೊ. ನಿಂತೇ ಹೊಡಿ!" ಎಂದ ಚನ್ನಬಸವಣ್ಣ.

ಹುಣಸೂರು ಪೇಟೆಯ ಕೊನೆಯಲ್ಲಿ, ವೀರಭದ್ರಸ್ವಾಮಿಯ ಅಂಗಳದಲ್ಲಿ, ಬೆಳಗಿನಿಂದ ಈ ಜಗಳ ನಡೆದಿತ್ತು. ವೀರಭದ್ರಸ್ವಾಮಿ ಮಿಲಿಟರಿಯವರು ಹರಾಜು ಹಾಕಿದ ಹಳೇ ಸಾಮಾನು ತಂದು ಮಾರುವವನು. ಯುದ್ಧ ಮುಗಿದು ಏಳು ವರ್ಷವಾಗಿದ್ದರೂ ಅವನ ಅಂಗಳದಲ್ಲಿ ಅದು ಮುಗಿದಿರಲಿಲ್ಲ. ಡೇರೆಯ ಗೂಟ, ಹಸಿರು ಪೀಪಾಯಿ, ಜೊತೆಯಿಲ್ಲದ ಬೂಟುಗಳು, ಎಲ್ಲಾ ರಾಶಿ ಬಿದ್ದಿದ್ದವು. ಅವುಗಳ ನಡುವೆ, ನೆರಳಿನಲ್ಲಿ, ಜೀಪಿನ ಎರಡು ಚಕ್ರಗಳು ಗೋಡೆಗೆ ಒರಗಿ ನಿಂತಿದ್ದವು. ಟೈರಿನ ಹಲ್ಲು ಇನ್ನೂ ಸವೆದಿರಲಿಲ್ಲ.

ವೀರಭದ್ರಸ್ವಾಮಿ ಒಂದು ಚಕ್ರವನ್ನು ನೆಟ್ಟಗೆ ನಿಲ್ಲಿಸಿ ಕಿರುಬೆರಳಿನಿಂದ ತಳ್ಳಿದ. ಅದು ಅಂಗಳದ ಉದ್ದಕ್ಕೂ ಉರುಳಿ ಹೋಗಿ ಬೇಲಿ ಮುಟ್ಟಿ ಬಿತ್ತು.

"ಕಿರುಬೆರಳು," ಎಂದ. "ನೋಡಿದ್ರಲ್ಲ ಯಜಮಾನ್ರೇ? ಬರ್ಮಾ ಗಡೀಗೆ ಹೋಗಿ ಬಂದಿರೋ ಚಕ್ರ ಇವು."

"ಗೆದ್ದು ಬಂದವೋ, ಸೋತು ಬಂದವೋ?"

"ಗೆದ್ದೇ ಬಂದವು."

ಚನ್ನಬಸವಣ್ಣನಿಗೆ ಇಷ್ಟು ಸಾಕಾಗಿತ್ತು. ಅಂಕಯ್ಯನಿಗೆ ಸಾಲಲಿಲ್ಲ. ಅವನು ಹೋಗಿ ಬೇಲಿ ಹತ್ತಿರ ಬಿದ್ದಿದ್ದ ಚಕ್ರವನ್ನು ಎತ್ತಿ ಉರುಳಿಸಿಕೊಂಡೇ ವಾಪಸು ತಂದ.

"ಸದ್ದು ಕೇಳಿದ್ರಾ ಬುದ್ಧಿ?"

"ಯಾವ ಸದ್ದು? ಏನೂ ಕೇಳ್ಲಿಲ್ಲ."

"ಅದ್ನೇ ನಾನೂ ಹೇಳ್ತಿರೋದು. ಎತ್ತುಗಳಿಗೂ ಕೇಳಾಕಿಲ್ಲ. ಹಿಂದೆ ಗಾಡಿ ಗಡಗಡ ಅಂದ್ರೆ ಅವು ಓಡ್ತವೆ. ಮರದ ಚಕ್ರದ ನಡುವಿನ ಗುಂಬ ಅಚ್ಚಿಗೆ ಬಡೀಬೇಕು, ಕಬ್ಬಿಣದ ಪಟ್ಟೆ ಕಲ್ಲಿಗೆ ಬಡೀಬೇಕು. ಸದ್ದು ಜೋರಾದಂಗೆ ಅವೂ ಜೋರಾಗ್ತವೆ. ಹನ್ನೊಂದು ವರ್ಷದಿಂದ ಅಂಗೇ ಓಡ್ಸಿದೀನಿ."

"ಎತ್ತು ಕಾಲಲ್ಲಿ ಓಡ್ತವೆ ಕಣ್ಲಾ, ಕಿವೀಲಲ್ಲ!" ಎಂದ ಚನ್ನಬಸವಣ್ಣ, ಹೇಳಿದ ಬೆಲೆ ಕೊಟ್ಟ. ಮಧ್ಯಾಹ್ನದ ಬಸ್ಸಿನ ಮೇಲೆ ಚಕ್ರ ಹೇರಿಸಿ, ತಾನೂ ಮೇಲೇ ಕೂತ. ಅಂಕಯ್ಯ ಒಳಗೆ ಕೂತ. ಬಿಳಿಕೆರೆ ಬರುವವರೆಗೆ ಇಬ್ಬರಿಗೂ ಮಾತಿನ ಅವಕಾಶವಿರಲಿಲ್ಲ, ಅದರಿಂದ ಇಬ್ಬರಿಗೂ ಒಳ್ಳೆಯದೇ ಆಯಿತು.

ಚನ್ನಬಸವಣ್ಣ ಬಿಳಿಕೆರೆಗೆ ಎರಡು ಮೈಲಿ ದೂರದ ಹಳ್ಳಿಯ ರೈತ. ಐವತ್ತು ದಾಟಿತ್ತು. ಭತ್ತವಿತ್ತು, ಹೊಗೆಸೊಪ್ಪಿತ್ತು, ಯಾರ ಹಂಗೂ ಇರಲಿಲ್ಲ. ಇದ್ದದ್ದು ಒಂದೇ ನೋವು, ಅದರ ಹೆಸರು ಕಂಠಪ್ಪ.

ಕಂಠಪ್ಪ ಚನ್ನಬಸವಣ್ಣನ ಹೆಂಡತಿ ನೀಲಾಂಬಿಕೆಯ ಅಣ್ಣ. ಕೃಷ್ಣರಾಜನಗರದಲ್ಲಿ ಅವನ ಮನೆ. ಪ್ರತಿ ವರ್ಷ ಭತ್ತದ ಕೊಯ್ಲಾದ ಮೇಲೆ ಹೊಸ ಅಗ್ರಹಾರದ ಗದ್ದೆ ಬಯಲಿನಲ್ಲಿ ಗಾಡಿ ಓಟ ನಡೆಯುತ್ತಿತ್ತು. ಎರಡು ವರ್ಷದಿಂದ ಕಂಠಪ್ಪನ ಗಾಡಿಯೇ ಮೊದಲು. ಹೋದ ವರ್ಷ ಚನ್ನಬಸವಣ್ಣನ ಎತ್ತುಗಳು ಒಂದು ಕೊಂಬಿನಷ್ಟು ಹಿಂದೆ ಬಿದ್ದವು. ಆಮೇಲೆ ಕಂಠಪ್ಪ ತಂಗಿಯ ಮನೆಗೆ ಬಂದ, ಐದು ಹೋಳಿಗೆ ತಿಂದ, ಮಳೆ ಬೆಳೆ ವಿಚಾರಿಸಿದ, ಹೊರಟುಹೋದ. ಓಟದ ಬಗ್ಗೆ ಒಂದೇ ಒಂದು ಮಾತು ಆಡಲಿಲ್ಲ. ಅದನ್ನು ಚನ್ನಬಸವಣ್ಣ ವರ್ಷವಾದರೂ ಮರೆತಿರಲಿಲ್ಲ. "ಆಡ್ಕೊಂಡಿದ್ರೆ ಎರಡು ಬೈದು ಸುಮ್ನಾಗ್ತಿದ್ದೆ. ಮಾತೇ ಆಡ್ಲಿಲ್ಲವಲ್ಲೇ ಬಡ್ಡೀಮಗ!" ಎಂದು ಹೆಂಡತಿಯ ಮುಂದೆಯೇ ಅವಳ ಅಣ್ಣನನ್ನು ಬೈಯುತ್ತಿದ್ದ.

ಈ ಸಲ ಗೆಲ್ಲಲೇಬೇಕು. ರಬ್ಬರ್ ಚಕ್ರ ಹಗುರ, ಎಳೆಯಲು ಸುಲಭ. ಎಳೆಯಲು ಸುಲಭವಾದರೆ ಎತ್ತು ಬೇಗ ಓಡುತ್ತದೆ. ಇದಕ್ಕೆ ಯಾರೂ ಉತ್ತರ ಹೇಳಲಾರರು ಎಂದು ಅವನಿಗೆ ಗೊತ್ತಿತ್ತು. ಓಟದಲ್ಲಿ ಎಂಥ ಚಕ್ರ ಕಟ್ಟಬೇಕೆಂದು ಯಾರೂ ನಿಯಮ ಮಾಡಿರಲಿಲ್ಲ. ಊರಿಗೆ ಬಂದ ದಿನವೇ ಒಂದು ಕಾರ್ಡು ತೆಗೆದುಕೊಂಡು ತನ್ನ ಕೈಯಿಂದಲೇ ಬರೆದ: "ಭಾವನವರಿಗೆ ನಮಸ್ಕಾರ. ಈ ಸಲ ನಮ್ಮ ಗಾಡಿಗೆ ಜೀಪಿನ ಚಕ್ರ ಕಟ್ಟಿಸಿದ್ದೇವೆ. ಇತಿ." ನಾಲ್ಕನೆಯ ದಿನ ಮರುಕಾರ್ಡು ಬಂತು. "ಸಂತೋಷ" ಎಂದು ಬರೆದಿತ್ತು. ಮಿಕ್ಕ ಜಾಗವೆಲ್ಲ ಖಾಲಿ. ಚನ್ನಬಸವಣ್ಣ ಆ ಖಾಲಿ ಜಾಗವನ್ನು ಎರಡು ಸಲ ತಿರುಗಿಸಿ ನೋಡಿದ.

ಬಿಳಿಕೆರೆಯ ಕಮ್ಮಾರ ಸಣ್ಣಯ್ಯ ಹೊಸ ಅಚ್ಚು ಮಾಡಿಕೊಟ್ಟ. ಜೀಪಿನ ಚಕ್ರ ಮರದ ಚಕ್ರಕ್ಕಿಂತ ಬಹಳ ಗಿಡ್ಡ. ಗಾಡಿ ನೆಲಕ್ಕೆ ಕೂತುಬಿಟ್ಟಿತು. ಸಣ್ಣಯ್ಯ ಅಚ್ಚಿನ ಮೇಲೆ ಮರದ ದಿಮ್ಮಿ ಇಟ್ಟು ಎತ್ತರಿಸಿದ.

"ಗಾಳಿ ಹೋದ್ರೆ ಏನ್ ಮಾಡ್ತೀರಣ್ಣೋ?" ಎಂದು ಕೇಳಿದ.

"ಪಂಪ್ ಐತೆ."

"ಓಟದ ಮಧ್ಯ ಹೋದ್ರೆ?"

"ನಿನ್ನ ಕೆಲ್ಸ ಆಯ್ತಾ? ಆಗಿದ್ರೆ ಬಾಯಿ ಮುಚ್ಚು."

ನೀಲಾಂಬಿಕೆ ಹೊಸ ಚಕ್ರಕ್ಕೆ ವಿಭೂತಿ ಹಚ್ಚಲು ಬಂದಳು. ರಬ್ಬರಿಗೆ ವಿಭೂತಿ ಹತ್ತಲಿಲ್ಲ. ನೀರು ಕಲೆಸಿ ಹಚ್ಚಿದರೂ ಉದುರಿತು. ಕೊನೆಗೆ ನಡುವಿನ ಕಬ್ಬಿಣಕ್ಕೆ ಮೂರು ಬೆರಳು ಎಳೆದು, "ಇಷ್ಟೇ ನನ್ ಕೈಲಿ ಆಗೋದು," ಎಂದು ಒಳಗೆ ಹೋದಳು.

ಗುರುವಾರ ಬೆಳಿಗ್ಗೆ ಕೊಯ್ಲಾದ ಗದ್ದೆಯಲ್ಲಿ ಗಾಡಿ ಕಟ್ಟಿದರು. ಓಟಕ್ಕೆ ಇನ್ನು ಮೂರೇ ದಿನ. ಎತ್ತುಗಳ ಹೆಸರು ಮಾಸ ಮತ್ತು ಕರಿಯ. ಚುಂಚನಕಟ್ಟೆಯಲ್ಲಿ ಹಾಲುಹಲ್ಲಿನ ಕರುಗಳಾಗಿ ಕೊಂಡಾಗ ಅವನ್ನು ಊರಿಗೆ ನಡೆಸಿಕೊಂಡು ಬಂದವನು ಅಂಕಯ್ಯ. ಆ ದಿನದಿಂದ ಅವುಗಳ ಮೂಗುದಾರ ಅವನ ಕೈಯಲ್ಲೇ ಇತ್ತು. ಕೂರುವುದಿಲ್ಲ ಎಂದಿದ್ದವನು ಬೈಸಿಕೊಂಡು ಕೂತ. ಚನ್ನಬಸವಣ್ಣನ ತಮ್ಮ ಲಿಂಗಣ್ಣ ಬದುವಿನ ಮೇಲೆ ನಿಂತಿದ್ದ. ಮೂವತ್ತು ವರ್ಷದ ಲಿಂಗಣ್ಣನಿಗೆ ಒಂದು ಸಲವಾದರೂ ಓಟದ ಹಗ್ಗ ಹಿಡಿಯಬೇಕೆಂಬ ಆಸೆ ಇತ್ತು. ಅಣ್ಣ ಯಾವತ್ತೂ ಕೊಟ್ಟಿರಲಿಲ್ಲ.

"ಹೋಯ್!" ಎಂದ ಅಂಕಯ್ಯ.

ಎತ್ತುಗಳು ಹಾರಿದವು. ಇಪ್ಪತ್ತು ಮಾರು ಗಾಳಿಯಂತೆ ಹೋದವು. ಆಮೇಲೆ ಮಾಸನ ಕಿವಿ ಹಿಂದಕ್ಕೆ ತಿರುಗಿತು, ಕರಿಯನ ಕಿವಿಯೂ ತಿರುಗಿತು. ಓಟ ನಡಿಗೆಯಾಯಿತು, ನಡಿಗೆ ನಿಂತಿತು. ಎರಡೂ ಕತ್ತು ಹೊರಳಿಸಿ ಹಿಂದೆ ಗಾಡಿ ಬರುತ್ತಿದೆಯೋ ಇಲ್ಲವೋ ಎಂದು ನೋಡಿದವು. ಗಾಡಿ ಬಂದಿತ್ತು.

"ಇನ್ನೊಂದ್ ಸಲ!" ಎಂದು ಚನ್ನಬಸವಣ್ಣ ಕೂಗಿದ.

ಇನ್ನೊಂದು ಸಲವೂ ಅಷ್ಟೇ. ಮೂರನೆಯ ಸಲ ಅಂಕಯ್ಯನನ್ನು ಇಳಿಸಿ ತಾನೇ ಹತ್ತಿದ. ಹತ್ತು ಮಾರು ಹೋಗಿ ಕರಿಯ ಕೂಳೆ ಮೇಯಲು ನಿಂತ. ಚನ್ನಬಸವಣ್ಣ ಬಾರುಕೋಲು ಎತ್ತಿದ. ಅಂಕಯ್ಯ ಬಂದು ಅದನ್ನು ಮೆಲ್ಲಗೆ ಹಿಡಿದುಕೊಂಡ.

"ಅವನ್ನ್ಯಾಕೆ ಹೊಡೀತೀರಿ ಬುದ್ಧಿ? ಅವ್ಕೆ ಗಾಡಿ ಬಿಚ್ಚೋಯ್ತು ಅಂತ ಅನ್ಸೈತೆ. ಮರದ ಚಕ್ರ ಹಾಕ್ಕೊಡಿ. ಭಾನ್ವಾರ ಗೆದ್ಕೊಡ್ತೀನಿ. ಇಲ್ಲಾಂದ್ರೆ ನನ್ ಮೀಸೆ ಬೋಳಿಸ್ರಿ."

"ನಾನು ಕಾರ್ಡ್ ಬರ್ದಿದೀನಿ ಕಣ್ಲಾ!"

"ಇನ್ನೊಂದ್ ಕಾರ್ಡ್ ಬರೀರಿ."

ಇನ್ನೊಂದು ಕಾರ್ಡು ಬರೆಯುವುದನ್ನು, ಅದನ್ನು ಕಂಠಪ್ಪ ಓದುವುದನ್ನು, ಓದಿ ಮತ್ತೆ "ಸಂತೋಷ" ಎಂದು ಬರೆಯುವುದನ್ನು ಚನ್ನಬಸವಣ್ಣ ಯೋಚಿಸಿದ. ಅವನ ಕಿವಿ ಕೆಂಪಾಯಿತು.

"ಸದ್ದು ತಾನೇ ಬೇಕಾಗಿರೋದು? ಸದ್ದು ಕೊಡಾನ. ಲಿಂಗಣ್ಣ, ಮನೇಲಿರೋ ಸೀಮೆಎಣ್ಣೆ ತಗಡಿನ ಡಬ್ಬ ಎಲ್ಲಾ ತಗಂಬಾ!"

ಮೊದಲು ನಾಲ್ಕು ತಗಡನ್ನು ಅಚ್ಚಿಗೆ ಕಟ್ಟಿದರು. ಎತ್ತುಗಳು ಬೆದರಿ ನೆಟ್ಟಗೆ ಓಡುವ ಬದಲು ಅಡ್ಡಕ್ಕೆ ಓಡಿದವು. ಅಂಕಯ್ಯ ಬದುವಿನ ಮೇಲೆ ಬಿದ್ದು ಮೊಣಕೈ ತರಚಿಕೊಂಡ. ಧೂಳು ಕೊಡವಿಕೊಂಡು ಎದ್ದು, "ಇದು ಗಾಡಿ ಸದ್ದಲ್ಲ ಬುದ್ಧಿ, ಮನೆ ಬಿದ್ದ ಸದ್ದು," ಎಂದ.

ಆಮೇಲೆ ತಗಡು ಬಿಚ್ಚಿ, ಗಾಡಿಯ ಹಿಂಬದಿಯಲ್ಲಿ ಲಿಂಗಣ್ಣ ಒಂದು ತಗಡು ಇಟ್ಟುಕೊಂಡು ಕೂತು ಕೋಲಿನಿಂದ ಬಡಿದ. ಎತ್ತುಗಳು ನಿಂತಲ್ಲೇ ನಿಂತವು. ಅಂಕಯ್ಯನಿಗೆ ತಡೆಯಲಾಗಲಿಲ್ಲ. ಕೆಲಸ ಕೆಡುವುದನ್ನು ನೋಡಿಕೊಂಡು ಸುಮ್ಮನಿರುವ ಜಾಯಮಾನ ಅವನದಲ್ಲ.

"ಅಂಗಲ್ಲ ಲಿಂಗಣ್ಣೋರೆ. ಗುಂಬ ಬಡಿಯೋದು ಅಂಗಲ್ಲ. ಕೊಡಿ ಇಲ್ಲಿ."

ಅವನು ತಗಡು ತೆಗೆದುಕೊಂಡು ಹಿಂಬದಿಗೆ ಹತ್ತಿದ. ಎತ್ತುಗಳಿಗೆ ಬೆನ್ನು ಹಾಕಿ, ಕಾಲು ಇಳಿಬಿಟ್ಟು ಕೂತು, ಕಣ್ಣು ಮುಚ್ಚಿ ಬಡಿದ. ಮೊದಲು ನಿಧಾನ, ಒಂದು ದಪ್ಪ ಪೆಟ್ಟು, ಒಂದು ಸಣ್ಣ ಪೆಟ್ಟು. ಮರದ ಚಕ್ರ ಹೊರಡುವಾಗ ಹಾಗೇ ಬಡಿಯುತ್ತಿತ್ತು. ಮುಂದೆ ಹಗ್ಗ ಹಿಡಿದವನು ಲಿಂಗಣ್ಣ. ಎತ್ತುಗಳ ಕಿವಿ ನಿಮಿರಿತು. ಹೊರಟವು. ಅವು ಜೋರಾದಂತೆ ಅಂಕಯ್ಯ ಜೋರು ಮಾಡಿದ. ಅವನು ಜೋರು ಮಾಡಿದಂತೆ ಅವು ಇನ್ನೂ ಜೋರಾದವು. ಗದ್ದೆಯ ಆ ತುದಿ ಮುಟ್ಟಿದಾಗ ಲಿಂಗಣ್ಣನ ರುಮಾಲು ಈ ತುದಿಯಲ್ಲಿ ಬಿದ್ದಿತ್ತು. ಮಾಸ, ಕರಿಯ ಅಷ್ಟು ವೇಗವಾಗಿ ಓಡಿದ್ದನ್ನು ಚನ್ನಬಸವಣ್ಣ ಯಾವತ್ತೂ ಕಂಡಿರಲಿಲ್ಲ.

ಅವನು ಪಂಚೆ ಎತ್ತಿಕಟ್ಟಿ ಗದ್ದೆಯುದ್ದಕ್ಕೂ ಓಡಿದ. ಏದುಸಿರು ಬಿಡುತ್ತಾ ಕರಿಯನ ಬೆನ್ನು ತಟ್ಟಿದ, ಲಿಂಗಣ್ಣನ ಬೆನ್ನು ತಟ್ಟಿದ, ಟೈರನ್ನೂ ತಟ್ಟಿದ.

"ಆಯ್ತು! ಕಂಠಪ್ಪನ ಕಥೆ ಮುಗೀತು! ಭಾನ್ವಾರ ಇಂಗೇ. ಲಿಂಗಣ್ಣ ಹಗ್ಗ ಹಿಡೀಲಿ. ಅಂಕ, ನೀನು ಹಿಂದೆ ಕೂತು ತಗಡು ಬಡಿ."

ಅಂಕಯ್ಯ ಗಾಡಿಯಿಂದ ಇಳಿದ. ತಗಡು ಇನ್ನೂ ಅವನ ಕೈಯಲ್ಲೇ ಇತ್ತು.

"ಹಗ್ಗ ನಾನ್ ಹಿಡೀತೀನಿ ಬುದ್ಧಿ. ಲಿಂಗಣ್ಣೋರಿಗೆ ಬಡಿಯೋದ ಕಲಿಸ್ತೀನಿ. ಮೂರ್ ದಿನ ಐತಲ್ಲ."

"ಮೂರ್ ದಿನ್ದಲ್ಲಿ ಎಂಗ್ಲಾ ಬತ್ತದೆ ಅವ್ನಿಗೆ? ಅದು ನಿಮ್ಮೋರ ಕೈಗೆ ಬಂದಿರೋದು. ಹಗ್ಗ ಯಾರ್ ಬೇಕಾದ್ರೂ ಹಿಡೀತಾರೆ."

"ಯಾರ್ ಬೇಕಾದ್ರೂ," ಎಂದ ಅಂಕಯ್ಯ.

"ಮತ್ತೆ? ಈಗ ಲಿಂಗಣ್ಣ ಹಿಡೀಲಿಲ್ವಾ?"

"ಹೊಸ ಅಗ್ರಾರದಲ್ಲಿ ಸುತ್ತಿನ ಹತ್ತೂರು ಜನ ಸೇರಿರ್ತಾರೆ. ಎತ್ತಿಗೆ ಬೆನ್ನು ಹಾಕ್ಕೊಂಡು ತಗಡು ಬಡ್ಕೊಂಡ್ ಬರ್ಲಾ ಬುದ್ಧಿ, ಅವ್ರ ಮುಂದೆ?"

"ಬಾ. ಅದ್ರಲ್ಲಿ ಏನೈತೆ? ಗೆದ್ದ ಗಾಡಿ ಮೇಲೆ ತಾನೇ ಕೂತಿರ್ತೀಯಾ?"

ಅಂಕಯ್ಯ ಕೈಯಲ್ಲಿದ್ದ ತಗಡನ್ನು ನೋಡಿದ.

"ನಮ್ಮಪ್ಪ ಸಾಯೋಗಂಟ ತಮಟೆ ಬಡ್ದ. ಊರಲ್ಲಿ ಯಾರ್ ಸತ್ರೂ ಮುಂದೆ ಅವನೇ. ನಾನ್ ಬಡಿಯಾಕಿಲ್ಲ ಅಂತ ಅವ್ನ ಕೈಲಿ ಹೊಡೆಸ್ಕೊಂಡು ನಿಮ್ ಎತ್ತಿನ ಹಗ್ಗ ಹಿಡ್ದೆ."

"ಅದನ್ನೇ ಕಣ್ಲಾ ನಾನೂ ಹೇಳ್ತಿರೋದು!" ಎಂದ ಚನ್ನಬಸವಣ್ಣ. ಅವನಿಗೆ ನಿಜವಾಗಿಯೂ ಸಂತೋಷವಾಗಿತ್ತು, ಹೊಗಳಬೇಕೆಂದೇ ಹೊಗಳಿದ. "ಅಪ್ಪನ ಕೈ ಎಲ್ಲೋಯ್ತದೆ? ಎಂಥಾ ಬಡಿತ ಬಡ್ದೆ! ಹನ್ನೊಂದು ವರ್ಷ ಸುಮ್ನೆ ನಿನ್ನ ಮುಂದೆ ಕೂರ್ಸಿದ್ದೆ ನೋಡು."

ಅಂಕಯ್ಯ ತಗಡನ್ನು ಗಾಡಿಯ ಹಲಗೆ ಮೇಲೆ ಇಟ್ಟ. ಕೋಲನ್ನು ಅದರ ಮೇಲೆ ಇಟ್ಟ. ಮಾಸನ ಕತ್ತಿಗೆ ಕಣ್ಣಿ ಬಿಗಿಯಾಗಿದ್ದುದನ್ನು ಕಂಡು ಒಂದು ಬೆರಳು ತೂರಿಸಿ ಸಡಿಲ ಮಾಡಿದ. ಟವೆಲ್ ಹೆಗಲಿಗೆ ಹಾಕಿಕೊಂಡು ಬದು ಹತ್ತಿದ.

"ಎಲ್ಗಲಾ?" ಎಂದ ಚನ್ನಬಸವಣ್ಣ.

ಅಂಕಯ್ಯ ತಿರುಗಲಿಲ್ಲ.

"ದೊಡ್ಡ ತಗಡು ತರಾಕೆ ಹೋದ ಅಂತ ಕಾಣ್ತದೆ," ಎಂದು ಚನ್ನಬಸವಣ್ಣ ತಮ್ಮನಿಗೆ ಹೇಳಿದ. "ಇದು ಸ್ವಲ್ಪ ತೆಳು. ಅವ್ನಿಗೆ ಗೊತ್ತಾಗ್ತದೆ, ಬುಡು."

ಹಗ್ಗ ಲಿಂಗಣ್ಣನ ಕೈಯಲ್ಲಿತ್ತು.

ಅಂಕಯ್ಯ ಎರಡು ಗದ್ದೆ ದಾಟಿದ, ಕಾಲುವೆ ದಾಟಿದ. ತನ್ನ ಮನೆಯಿದ್ದ ಕೇರಿಯ ಕಡೆ ತಿರುಗುವ ಹಾದಿಯಲ್ಲಿ ತಿರುಗದೆ ನೆಟ್ಟಗೆ ಬಿಳಿಕೆರೆ ರಸ್ತೆಯ ಕಡೆ ಹೋದ. ಚನ್ನಬಸವಣ್ಣ ಹಣೆಗೆ ಕೈ ಅಡ್ಡ ಇಟ್ಟು ನೋಡಿದ. ಬಿಳಿಕೆರೆಯಲ್ಲಿ ಒಳ್ಳೆ ತಗಡು ಸಿಗುತ್ತದೆ ಎಂದುಕೊಂಡ. ಬಿಸಿಲೇರಿತು. ನೀಲಾಂಬಿಕೆ ಮೂವರಿಗೆ ರೊಟ್ಟಿ ಕಳಿಸಿದ್ದಳು. ಇಬ್ಬರು ತಿಂದರು, ಒಬ್ಬನದನ್ನು ಬಟ್ಟೆಯಲ್ಲಿ ಮುಚ್ಚಿಟ್ಟರು. ಸಂಜೆ ಎತ್ತು ಬಿಚ್ಚುವಾಗ ಚನ್ನಬಸವಣ್ಣ ಮತ್ತೊಮ್ಮೆ ರಸ್ತೆಯ ಕಡೆ ನೋಡಿ, ಅಂಕಯ್ಯನಿಗೂ ಅವನ ವಂಶಕ್ಕೂ ಸೇರಿಸಿ ಗಟ್ಟಿಯಾಗಿ ಬೈದ.

ಅಂಕಯ್ಯ ಶುಕ್ರವಾರ ಬರಲಿಲ್ಲ. ಭಾನುವಾರ ಬರಲಿಲ್ಲ. ಆಮೇಲೂ ಬರಲಿಲ್ಲ.