ಮಾತ್ರೆಯ ಮೇಲೆ ಹಾಲು

ವಿಸ್ಕಾನ್ಸಿನ್ನಿನ ಆ ಕಡೆ ಯಾರಾದರೂ "ಹೇಗಿದೀಯ?" ಎಂದು ಕೇಳಿದರೆ "ಇನ್ನೂ ಕೆಟ್ಟದಾಗಿರಬಹುದಿತ್ತು" ಎನ್ನಬೇಕು. ಕಾಲು ಮುರಿದವನೂ ಅದನ್ನೇ ಹೇಳುತ್ತಾನೆ, ಲಾಟರಿ ಹೊಡೆದವನೂ ಅದನ್ನೇ ಹೇಳುತ್ತಾನೆ. ಹಾಗಾಗಿ ಆರ್ಲಿಸ್ ಟೆಶ್ಕೆಯ ಬಲಭುಜ ಬಿಗಿದುಕೊಂಡು ತಿಂಗಳುಗಳೇ ಕಳೆದಿದ್ದರೂ ಊರಿಗೆ ಸುಳಿವಿರಲಿಲ್ಲ. ಒಂದು ಭಾನುವಾರ ಚರ್ಚಿನ ಬಾಗಿಲಲ್ಲಿ ಕೋಟು ಹಾಕಿಕೊಳ್ಳಲು ಹೋಗಿ ಅರ್ಧ ತೋಳಿನಲ್ಲಿ ಸಿಕ್ಕಿಬಿದ್ದಳು. ಪಾದ್ರಿಯ ಹೆಂಡತಿ ಬಂದು ಬಿಡಿಸಬೇಕಾಯಿತು. ಆಗಲೂ ಅವಳು ಹೇಳಿದ್ದು ಇನ್ನೂ ಕೆಟ್ಟದಾಗಿರಬಹುದಿತ್ತು ಎಂದೇ.

ನಿಜ ಹೇಳಬೇಕೆಂದರೆ ಅದಕ್ಕಿಂತ ಕೆಟ್ಟದಾಗಲು ಹೆಚ್ಚೇನೂ ಉಳಿದಿರಲಿಲ್ಲ. ಆ ಮಗ್ಗುಲಲ್ಲಿ ಮಲಗುವಂತಿಲ್ಲ, ತಲೆ ಬಾಚುವಂತಿಲ್ಲ, ಒಳಉಡುಪಿನ ಕೊಕ್ಕೆಯನ್ನು ಮುಂದೆ ಹಾಕಿ ಹಿಂದಕ್ಕೆ ತಿರುಗಿಸಿಕೊಳ್ಳಬೇಕು. ಥೈರಾಯ್ಡ್ ಗ್ರಂಥಿ ಸೋಮಾರಿಯಾಗಿದೆ, ಅದು ಹಾಗಾದವರಿಗೆ ಎಷ್ಟೋ ಸಲ ಭುಜವೂ ಹೀಗೆ ಮರಗಟ್ಟುತ್ತದೆ ಎಂದು ಡಾಕ್ಟರು ಹೇಳಿದ್ದರು. ದಿನಾ ಬೆಳಿಗ್ಗೆ ನುಂಗಲು ಒಂದು ಪುಟ್ಟ ಮಾತ್ರೆ ಬರೆದುಕೊಟ್ಟಿದ್ದರು. ಕುತ್ತಿಗೆಯಲ್ಲಿ ಕೂತ ಗ್ರಂಥಿಗೆ ಮೈಗಳ್ಳತನ ಬಂದರೆ ಭುಜ ಯಾಕೆ ಮುಷ್ಕರ ಹೂಡಬೇಕು ಎಂಬುದು ಆರ್ಲಿಸಳಿಗೆ ಅರ್ಥವಾಗಲಿಲ್ಲ. ಆದರೂ ಮಾತ್ರೆ ನುಂಗಿದಳು.

ತಲೆ ಬಾಚದೆ ಇರಬಹುದು, ಹಾಲು ಕರೆಯದೆ ಇರಲಾಗುವುದಿಲ್ಲ. ಅವರ ಕೊಟ್ಟಿಗೆಯಲ್ಲಿ ಹಾಲಿನ ಕೊಳವೆ ದನಗಳ ತಲೆಯ ಮೇಲೆ ಉದ್ದಕ್ಕೂ ಹರಿದಿತ್ತು. ಒಂದೊಂದು ಹಸುವಿನ ಬಳಿಯೂ ಬಗ್ಗಿ ಯಂತ್ರವನ್ನು ಕೆಚ್ಚಲಿಗೆ ಹಚ್ಚಬೇಕು, ಎದ್ದು ಅದರ ಪೈಪನ್ನು ಮೇಲಿನ ಕೊಳವೆಗೆ ಸಿಕ್ಕಿಸಬೇಕು. ಬಗ್ಗುವುದು ಆರ್ಲಿಸಳಿಗೆ ಬರುತ್ತಿತ್ತು. ಕೈ ಎತ್ತುವುದು ಆಗುತ್ತಿರಲಿಲ್ಲ, ಎಡಗೈ ಒಂದರಿಂದಲೇ ಆ ಬಿಗಿ ಪೈಪನ್ನು ಒತ್ತಲು ಒಂದೊಂದು ಹಸುವಿಗೂ ಹತ್ತು ಸಲ ತಡಕಾಡಬೇಕು. ಬಕೆಟ್ ಬೋರಲು ಹಾಕಿ ಅದರ ಮೇಲೆ ನಿಂತು ನೋಡಿದಳು. ಗ್ಲೋರಿಯಾ ಎಂಬ ಹಸು ಆ ಬಕೆಟ್ಟನ್ನು ಒದ್ದು ತನ್ನ ಅಭಿಪ್ರಾಯ ತಿಳಿಸಿತು.

"ವಸಂತದೊಳಗೆ ಕೈ ಸರಿಹೋಗ್ದಿದ್ರೆ ದನ ಮಾರ್ಬಿಡೋಣ" ಎಂದ ಗಂಡ ಎಲ್ಡನ್. ಮಾತು ಬೆಳ್ಳಿ ಮೌನ ಬಂಗಾರ ಎನ್ನುವುದಾದರೆ ಎಲ್ಡನ್ ಆ ಸೀಮೆಗೇ ದೊಡ್ಡ ಸಾಹುಕಾರ. ಅವನು ಅಷ್ಟು ಉದ್ದದ ಮಾತಾಡಿದನೆಂದರೆ ನಿರ್ಧಾರ ಆಗಿದೆ ಎಂದೇ ಲೆಕ್ಕ. ಆರ್ಲಿಸ್ "ಹೂಂ" ಎಂದಳು. ಆ ಹಸುಗಳಲ್ಲಿ ಅರ್ಧಕ್ಕರ್ಧ ಅವಳೇ ತಾಯ ಹೊಟ್ಟೆಯಿಂದ ಎಳೆದು ಹೆಸರಿಟ್ಟವು. ಅವು ಹೋದಮೇಲೆ ಬೆಳಿಗ್ಗೆ ಯಾಕೆ ಏಳಬೇಕು ಎಂಬುದೇ ಅವಳಿಗೆ ಹೊಳೆಯಲಿಲ್ಲ.

ಮಾತ್ರೆ ಕೆಲಸ ಮಾಡಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದಾಗಲೆಲ್ಲ ಗ್ರಂಥಿ ಇದ್ದಲ್ಲೇ ಇತ್ತು. ಡಾಕ್ಟರು ಪ್ರಮಾಣ ಏರಿಸುತ್ತಾ ಹೋದರು, ಮಾತ್ರೆಯ ಬಣ್ಣ ಬಿಳಿಯಿಂದ ನೇರಳೆಗೆ, ನೇರಳೆಯಿಂದ ನೀಲಿಗೆ ತಿರುಗಿತು. ಭುಜ ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಆ ಡಾಕ್ಟರು ನಿವೃತ್ತರಾಗಿ ಮೀನು ಹಿಡಿಯಲು ಹೋದರು. ಅವರ ಜಾಗಕ್ಕೆ ಷಿಕಾಗೋ ಕಡೆಯಿಂದ ಡಾಕ್ಟರ್ ಕ್ವಿನ್ ಎಂಬ ಹುಡುಗಿ ಬಂದಳು.

"ಮಾತ್ರೆ ತಪ್ಪದೆ ತಗೋತಿದೀರಾಮ್ಮಾ?"

"ಒಂದಿನಾನೂ ತಪ್ಪಿಸಿಲ್ಲ."

"ಯಾವುದರ ಜೊತೆ ನುಂಗ್ತೀರಿ?"

"ಹಾಲಿನ ಜೊತೆ." ಆರ್ಲಿಸ್ ಅವಳನ್ನು ಕನಿಕರದಿಂದ ನೋಡಿದಳು. "ಇನ್ಯಾವುದ್ರ ಜೊತೆ ನುಂಗ್ತಾರೆ?"

ಡಾಕ್ಟರ್ ಕ್ವಿನ್ ಪೆನ್ನು ಕೆಳಗಿಟ್ಟಳು. "ಹಾಲಲ್ಲಿರೋ ಸುಣ್ಣದ ಅಂಶ ಆ ಮಾತ್ರೇನ ಹೊಟ್ಟೇಲೇ ಹಿಡ್ಕೊಂಡ್ಬಿಡತ್ತೆ. ಮೈಗೆ ಸರಿಯಾಗಿ ಸೇರೋದೇ ಇಲ್ಲ. ಬರೀ ನೀರಲ್ಲಿ ತಗೊಳ್ಳಿ, ನಾಲ್ಕು ಗಂಟೆ ಬಿಟ್ಟು ಹಾಲು ಕುಡೀರಿ. ಗ್ರಂಥಿ ದಾರಿಗೆ ಬಂದ್ರೆ ಭುಜಾನೂ ಬರ್ಬಹುದು. ಆದ್ರೆ ಅದಕ್ಕೆ ವರ್ಷವಾದ್ರೂ ಬೇಕು, ಒಂದೂವರೆನೂ ಆಗ್ಬಹುದು. ವ್ಯಾಯಾಮ ಬಿಡ್ಬೇಡಿ."

ಹಾಲು ಕುಡಿದವರೇ ಬದುಕುವುದಿಲ್ಲ, ಇನ್ನು ವಿಷ ಕುಡಿದವರು ಬದುಕುತ್ತಾರೆಯೇ ಎಂಬ ಗಾದೆಯ ಮೊದಲರ್ಧ ಹೀಗೆ ತನ್ನ ಮೇಲೇ ಬಂದು ಬೀಳುತ್ತದೆಂದು ಆರ್ಲಿಸ್ ಎಣಿಸಿರಲಿಲ್ಲ. ಆ ಹಾಲನ್ನು ತರುತ್ತಿದ್ದವನು ಎಲ್ಡನ್. ದಿನಾ ಬೆಳಿಗ್ಗೆ, ಕರೆದ ಹಾಲೆಲ್ಲ ಬಂದು ಸೇರುವ ತಂಪು ತೊಟ್ಟಿಯಿಂದ ತಣ್ಣನೆಯ ಹಾಲನ್ನು ಲೋಟದ ಅಂಚಿನವರೆಗೆ ತುಂಬಿ, ಮಾತ್ರೆಯನ್ನು ಪಕ್ಕದಲ್ಲಿಟ್ಟು, ಏನೂ ಹೇಳದೆ ಹೋಗುತ್ತಿದ್ದ. ಪ್ರೀತಿ ಎಂಬ ಪದ ಅವರ ಮದುವೆಯಲ್ಲಿ ಬಂದದ್ದು ಒಂದೇ ಸಲ, ಪಾದ್ರಿ ಕೇಳಿದ್ದಕ್ಕೆ. ಉಳಿದದ್ದೆಲ್ಲ ಆ ಲೋಟದಲ್ಲಿತ್ತು. ನಿನ್ನ ಹಾಲೇ ನನ್ನ ಕೈ ಕಟ್ಟಿತು ಎಂದು ಯಾವ ಬಾಯಿಂದ ಹೇಳುವುದು?

ಹೇಳಲಿಲ್ಲ. ಮಾತ್ರೆಯನ್ನು ನೀರಿನಲ್ಲಿ ನುಂಗಿ, ಹಾಲನ್ನು ಕೊಟ್ಟಿಗೆಯ ಹಿಂದೆ ಬೆಕ್ಕಿಗೆ ಸುರಿಯತೊಡಗಿದಳು. ಅದರ ಕತ್ತಿನಲ್ಲಿ ಪಾದ್ರಿಗಳ ಕಾಲರಿನಂಥ ಬಿಳಿ ಪಟ್ಟಿ ಇದ್ದುದರಿಂದ ಬಿಷಪ್ ಎಂದು ಹೆಸರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ತಿಳಿಯುವುದಿಲ್ಲವೇ ಎನ್ನುತ್ತಾರೆ. ಬಿಷಪ್ ಕಣ್ಣು ಬಿಟ್ಟುಕೊಂಡೇ ಕುಡಿಯುತ್ತಿತ್ತು, ಕಣ್ಣು ಮುಚ್ಚಿಕೊಂಡವಳು ಆರ್ಲಿಸ್. ಮುಂದಿನ ಪರೀಕ್ಷೆಯಲ್ಲಿ ಗ್ರಂಥಿ ದಾರಿಗೆ ಬಂದಿತ್ತು, ಡಾಕ್ಟರು ಪ್ರಮಾಣವನ್ನೂ ತಗ್ಗಿಸಿದರು. ಭುಜ ಒಂದಿಷ್ಟು ಸಡಿಲವಾಯಿತು. ಬಿಷಪ್ ದಿಂಬಿನ ಹಾಗೆ ಊದಿಕೊಂಡಿತು.

ಹಿಮ ಕರಗುವ ಹೊತ್ತಿಗೆ ಒಂದು ಬೆಳಿಗ್ಗೆ ದನದ ವ್ಯಾಪಾರಿ ವರ್ನ್ ತನ್ನ ಗಾಡಿಯನ್ನು ಅಂಗಳದಲ್ಲಿ ನಿಲ್ಲಿಸಿದ.

"ಎಲ್ಡನ್ ಫೋನ್ ಮಾಡಿದ್ದ ಕಣಮ್ಮ. ದನ ನೋಡ್ಬೇಕಂತೆ" ಎಂದ.

ಆರ್ಲಿಸ್ ತಿರುಗಿ ನೋಡಿದಳು. ಎಲ್ಡನ್ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ.

"ನನ್ನ ಒಂದ್ಮಾತು ಕೇಳ್ದೇನೇ ಫೋನ್ ಮಾಡಿದ್ಯಾ?"

"ನಿಂಗೆ ದನದ ಮೇಲೆ ಮನಸ್ಸಿಲ್ಲ ಅಂತ ಗೊತ್ತಾಯ್ತಲ್ಲ."

"ಯಾರಂದ್ರು?"

"ಬೆಕ್ಕು" ಎಂದ ಎಲ್ಡನ್. ಸ್ವಲ್ಪ ಹೊತ್ತು ಬೂಟಿನ ತುದಿಯಿಂದ ಕೆಸರು ಕೆದಕಿದ. "ನಾ ತಂದಿಟ್ಟಿದ್ದನ್ನ ದಿನಾ ಅದೇ ಕುಡೀತಿರೋದು ನೋಡ್ದೆ. ನಮ್ಮ ಹಾಲು ನಿಂಗೆ ಸೇರದ ಮೇಲೆ ಇದನ್ನೆಲ್ಲ ಯಾರಿಗೋಸ್ಕರ ಇಟ್ಕೊಳ್ಳೋದು?"

ಈಗಲೂ ಬಾಯಿ ಬಿಡದಿದ್ದರೆ ಗ್ಲೋರಿಯಾ ಮೊದಲು ಗಾಡಿ ಹತ್ತುವುದು ಖಂಡಿತವಾಗಿತ್ತು. ಆರ್ಲಿಸ್ ಬಿಟ್ಟಳು. ಒಮ್ಮೆ ಬಿಟ್ಟ ಮೇಲೆ ನಿಲ್ಲಿಸಲಾಗಲಿಲ್ಲ.

"ಸೇರದೆ ಏನು! ಮಾತ್ರೆ ಜೊತೆ ಕುಡೀಬಾರ್ದಂತೆ ಮಾರಾಯ, ಅಷ್ಟೇ. ಹಾಲು ಮಾತ್ರೇನ ಹಿಡ್ಕೊಳತ್ತಂತೆ. ಡಾಕ್ಟ್ರು ಹೇಳಿದ್ರು. ನಿನ್ಹತ್ರ ಹೇಗೆ ಹೇಳ್ಲಿ? ನೀನೇ ದಿನಾ ತಂದಿಡ್ತಿದ್ದೆ. ನೀ ನೊಂದ್ಕೊಳ್ತೀಯ ಅಂತ ಬೆಕ್ಕಿಗೆ ಹಾಕ್ದೆ. ನಂಗೆ ದನ ಬೇಕು ಎಲ್ಡನ್. ನಂಗೆ ಈ ದನ ಬೇಕು!"

ವರ್ನ್ ಪಾಪ, ಆ ಸೀಮೆಯಲ್ಲಿ ಯಾರೂ ಹೀಗೆ ಬೇಕು ಬೇಕು ಎಂದು ಕೂಗಿದ್ದನ್ನು ಕೇಳಿದವನಲ್ಲ. ತನ್ನ ಗಾಡಿಯ ಟೈರನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸತೊಡಗಿದ.

ಎಲ್ಡನ್‌ನ ಮುಖ ಕೆಂಪಾಯಿತು, ಆಮೇಲೆ ಬಿಳಿಚಿತು. "ಹಾಗಾದ್ರೆ ಇಷ್ಟು ದಿನ ನಿನ್ ಕೈ ಕಟ್ಹಾಕಿದ್ದು ನಾನೇ."

"ನಿಂಗೇನ್ ಗೊತ್ತಿತ್ತು? ನಂಗೂ ಗೊತ್ತಿರ್ಲಿಲ್ಲ."

"ನಾನೇ ತುಂಬ್ಕೊಂಡು ಬಂದು ಇಡ್ತಿದ್ದೆ." ಅವನು ಟೋಪಿ ತೆಗೆದು ಒಳಗೆ ನೋಡಿ ಮತ್ತೆ ಹಾಕಿಕೊಂಡ. ಆಮೇಲೆ ಗಾಡಿಯ ಕಡೆ ತಿರುಗಿದ. "ವರ್ನ್, ಕಾಫಿ ಕುಡ್ಕೊಂಡು ಹೋಗು. ದನ ಇಲ್ಲ."

ಆ ಸಂಜೆ ಕೊಟ್ಟಿಗೆಯಲ್ಲಿ ಯಂತ್ರಗಳು ಗುಂಯ್‌ಗುಟ್ಟತೊಡಗಿದವು. ಮದುವೆಯಾದಾಗಿನಿಂದ ಅವಳದು ಎಡಸಾಲು, ಅವನದು ಬಲಸಾಲು, ಬೆನ್ನಿಗೆ ಬೆನ್ನು. ಆರ್ಲಿಸ್ ಬಗ್ಗಿ ಗ್ಲೋರಿಯಾಳ ಕೆಚ್ಚಲಿಗೆ ಯಂತ್ರ ಹಚ್ಚಿ, ಎಡಗೈಯಿಂದಲೇ ಮೇಲಿನ ಕೊಳವೆಗೆ ತಡಕಾಡಲು ಎದ್ದಳು. ಎಲ್ಡನ್ ತನ್ನ ಸಾಲನ್ನು ಬಿಟ್ಟು ಬಂದು ಅವಳ ಬೆನ್ನ ಹಿಂದೆಯೇ ನಿಂತಿದ್ದ. ಅವಳ ಕೈಯಿಂದ ಪೈಪನ್ನು ತೆಗೆದುಕೊಂಡು ತಾನೇ ಸಿಕ್ಕಿಸಿದ. ಮುಂದಿನ ಹಸುವಿಗೂ ಬಂದ, ಅದರ ಮುಂದಿನದಕ್ಕೂ.

"ಹೀಗ್ ಮಾಡಿದ್ರೆ ಎರಡರಷ್ಟು ಹೊತ್ತು ಹಿಡಿಯತ್ತೆ ಕಣೋ" ಎಂದಳು ಆರ್ಲಿಸ್.

"ಭುಜಕ್ಕೆ ಎಷ್ಟು ದಿನ ಅಂದ್ರು ಡಾಕ್ಟ್ರು?"

"ಒಂದು ವರ್ಷ. ಒಂದೂವರೆನೂ ಆಗ್ಬಹುದಂತೆ."

"ಆಗ್ಲಿ" ಎಂದ ಎಲ್ಡನ್. ಮುಂದಿನ ಪೈಪಿಗೆ ಕೈ ಚಾಚಿದ. "ಅವಸರ ಏನಿದೆ."